ಒಬ್ಬಳಿಗೆ ಬರೆದ ಸಾಲು

"ಬಂದ್ರಾ? ನೀವು ಬಂದ್ಮೇಲೇ ಇಲ್ಲಿ ಬೆಳಗಾಗೋದು."

ತನ್ನ ಕಂಪ್ಯೂಟರಿನಲ್ಲಿ ಮುದ್ದಾಗಿ ಕಂಡಿದ್ದ ಈ ಸಾಲು ರಿಸೆಪ್ಷನ್ ಹುಡುಗಿಯ ಕಂಪ್ಯೂಟರಿನಲ್ಲೂ ಕಂಡಾಗ ಅವಳ ಮೈಯೆಲ್ಲ ಉರಿದುಹೋಯಿತು. ಸ್ಟೇಪ್ಲರ್ ಕೇಳಲು ಹೋದವಳು ಸ್ಟೇಪ್ಲರನ್ನೇ ಮರೆತು ನಿಂತಳು. ಅದೇ ಮಾತು, ಅದೇ ಪ್ರಶ್ನೆಯ ಗುರುತು. ಒಂದು ಚುಕ್ಕಿಯೂ ಆಚೀಚೆ ಇಲ್ಲ.

ರಿಸೆಪ್ಷನ್ ಹುಡುಗಿಗೆ ಮಾತು ಜಾಸ್ತಿ, ಹಾಗಾಗಿ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು. ಗಿಣಿ ಈಗ ಮಾತಾಡಲಿಲ್ಲ. ಪಟ್ಟನೆ ಬೇರೆ ಪುಟ ತೆರೆದು ಕೆನ್ನೆ ಮುಟ್ಟಿ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಿತ್ತು ಅದು.

"ಏನಕ್ಕಾ, ಏನು ಬೇಕಿತ್ತು?"

"ಏನೂ ಬೇಡ. ಆ ಸಾಲು ದಿನಾ ಬರುತ್ತಾ?"

"ಯಾವ ಸಾಲು?" ಎಂದಳು ಗಿಣಿ. ಹಾಗೆ ಕೇಳಿದ ರೀತಿಯಲ್ಲೇ ಉತ್ತರ ಇತ್ತು.

ಅವಳು ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಅದು ಆ ಶ್ರವಣ ಕೇಂದ್ರದ ಕಿವಿ ಪರೀಕ್ಷೆಯ ಕೋಣೆ. ಗೋಡೆಗೆಲ್ಲ ದಪ್ಪ ಮೆತ್ತೆ, ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬರದು. ಊರಿನ ಅರ್ಧ ಜನ ತಮಗೆ ಎಷ್ಟು ಕೇಳುತ್ತದೆ ಎಂದು ಗೊತ್ತುಮಾಡಿಕೊಂಡದ್ದು ಅಲ್ಲಿ, ಅವಳೆದುರು ಕೂತು. ಕಿವಿ ಮಿಷನ್ ಹಾಕಿಸಿಕೊಂಡವರಿಗೆ ಯಾವ ಸದ್ದು ಎಷ್ಟು ಜೋರಿರಬೇಕು ಎಂದು ನಿರ್ಧರಿಸುವವಳೂ ಅವಳೇ. ಅಂಥ ಕೋಣೆಯಲ್ಲಿ ಅವತ್ತು ಅವಳಿಗೆ ಕೇಳಿಸಿದ್ದು ತನ್ನದೇ ಎದೆಬಡಿತ. ಅದಕ್ಕೂ ಆ ಸಾಲು ಬರೆದ ಅವನೇ ಕಾರಣ ಎಂದು ಇನ್ನಷ್ಟು ಸಿಟ್ಟು ಬಂತು.

ಅವನು ಪ್ರೋಗ್ರಾಮರ್. ಬಂದದ್ದು ಬ್ಯಾಂಡ್ ಮಾಸ್ತರರೊಬ್ಬರ ದೆಸೆಯಿಂದ, ಅವರು ಅಲ್ಲಿನ ಪೇಷಂಟ್. ಮಾಸ್ತರರಿಗೆ ಮಿಷನ್ ಇರುವುದು ಎಡಗಿವಿಗೆ ಮಾತ್ರ. ಅವರ ಬಲಗಿವಿಯ ವಿವರ ತುಂಬಲು ಯಾರೋ ಹೋದರು, ಕೇಂದ್ರದ ಪ್ರೋಗ್ರಾಮ್ ಅಲ್ಲೇ ಕಣ್ಣು ಮೇಲೆ ಮಾಡಿತು. ಒಬ್ಬರ ಇಲ್ಲದ ಕಿವಿಯಿಂದ ಎಲ್ಲರ ಕೆಲಸ ನಿಂತಿತು. ಆಗ ದೊಡ್ಡ ಡಾಕ್ಟರಮ್ಮ ಅವನನ್ನು ಕರೆಸಿ, "ಏನು ಬೇಕೋ ಇವಳನ್ನ ಕೇಳಿ ತಿಳ್ಕೊಳ್ಳಿ, ಇವಳು ಒಪ್ಪಿದ್ರೆ ನಾನು ಒಪ್ಪಿದ ಹಾಗೆ" ಎಂದು ಅವಳ ಪಕ್ಕದಲ್ಲಿ ಕುರ್ಚಿ ಹಾಕಿಸಿದರು.

ಮೊದಲ ದಿನವೇ ಅವಳಿಗೆ ಅವನ ಮೇಲೆ ಗುಮಾನಿ. ಮಾತು ಮೆತ್ತಗೆ, ಕುರ್ಚಿ ಎಳೆಯುವುದೂ ಮೆತ್ತಗೆ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಅವಳು ಮನಸ್ಸಿನಲ್ಲೇ ಷರಾ ಬರೆದಳು.

"ನೋಡಿ ಮೇಡಂ, ಒಬ್ಬ ಪೇಷಂಟ್ ಅಂದ್ರೆ ಒಂದು ದೊಡ್ಡ ಪೆಟ್ಟಿಗೆ ಅಂದ್ಕೊಳ್ಳಿ" ಎಂದಿದ್ದ ಅವನು. "ಅದರೊಳಗೆ ಎಡಗಿವಿ, ಬಲಗಿವಿ ಅಂತ ಎರಡು ಪೆಟ್ಟಿಗೆ. ಬಲಗಿವಿ ಒಳಗೆ ಮನೆ, ಬೀದಿ ಅಂತ ಇನ್ನೆರಡು. ಬೀದಿ ಪೆಟ್ಟಿಗೆಯೊಳಗೆ, ಬೀದೀಲಿ ಮಿಷನ್ ಎಷ್ಟು ಜೋರಿರಬೇಕು ಅನ್ನೋ ಅಂಕಿ."

"ಮಾಸ್ತರರಿಗೆ ಬಲಗಿವಿ ಪೆಟ್ಟಿಗೇನೇ ಇಲ್ಲ."

"ಅದೇ ತೊಂದ್ರೆ. ಇಲ್ಲದ ಪೆಟ್ಟಿಗೆಯೊಳಗೆ ಕೈ ಹಾಕಿದ್ರೆ ಈ ಪ್ರೋಗ್ರಾಮ್ ಬರೆದಿರೋ ಭಾಷೆ, ಜಾವಾಸ್ಕ್ರಿಪ್ಟ್, ಮುನಿಸ್ಕೊಂಡು ಅಲ್ಲೇ ಕೂತುಬಿಡುತ್ತೆ."

"ಮತ್ತೆ ನೀವೇನು ಮಾಡ್ತೀರಿ?"

"ಹೊರಗಿಂದ ಒಂದೊಂದೇ ತೆಗೀತಾ ಹೋಗ್ತೀನಿ. ಪೆಟ್ಟಿಗೆ ಇದ್ರೆ ಒಳಗೆ ಇಳೀತೀನಿ. ಇಲ್ದಿದ್ರೆ ಅಲ್ಲೊಂದು ಖಾಲಿ ಪೆಟ್ಟಿಗೆ ಇಟ್ಟು ಮುಂದಕ್ಕೆ ಹೋಗ್ತೀನಿ. ಕೊನೇಲಿ ಇಡಬೇಕಾದ್ದನ್ನ ಇಡ್ತೀನಿ."

ಅವಳಿಗೆ ಮನೆಯಲ್ಲಿ ಲಾಯರಮ್ಮ ಎಂದು ಹೆಸರು. ಸುಮ್ಮನೆ ಬಂದ ಹೆಸರಲ್ಲ ಅದು. "ದಾರೀಲಿ ಪೆಟ್ಟಿಗೆ ಇರಬೇಕಾದ ಕಡೆ ಬೇರೆ ಏನೋ ಇದ್ರೆ? ಯಾರೋ 'ಬೇಡ' ಅಂತ ಬರೆದಿಟ್ಟಿದ್ರೆ?" ಎಂದು ಪಾಟೀಸವಾಲು ಹಾಕಿದಳು.

ಅವನು ಸ್ಕ್ರೀನ್ ಬಿಟ್ಟು ಅವಳ ಕಡೆ ತಿರುಗಿದ. ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. "ಬೇಡ ಅಂತ ಇದ್ರೆ ಅಲ್ಲಿಗೇ ನಿಲ್ತೀನಿ. ಒಡೆದು ಒಳಗೆ ಹೋಗಲ್ಲ."

ಅವಳ ಕೈಯಲ್ಲಿದ್ದ ಪೆನ್ನು ಜಾರಿತು. ಇಬ್ಬರೂ ಬಗ್ಗಿದರು, ಹಣೆಗೆ ಹಣೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು. ಅವನು ಪೆನ್ನು ಎತ್ತಿ ಕೊಡುವಾಗ ಅವಳ ಬೆರಳನ್ನು ಮುಟ್ಟದಿರಲು ಪಟ್ಟ ಪಾಡು ನೋಡಿ ಅವಳಿಗೆ ನಗು ಬಂತು. ನಗಲಿಲ್ಲ. ಲಾಯರಮ್ಮಂದಿರು ಅಷ್ಟು ಸುಲಭಕ್ಕೆ ನಗುವುದಿಲ್ಲ.

ಆಮೇಲೆ ಒಂದು ದಿನ ಅವಳು ಗೊಣಗಿದ್ದಳು. "ಬೆಳಗ್ಗೆ ಬಂದ ತಕ್ಷಣ ಈ ಕಂಪ್ಯೂಟರು ಪಾಸ್‌ವರ್ಡ್ ಕೊಡು ಅಂತ ಕೈ ಚಾಚುತ್ತೆ. ಒಂದು ಒಳ್ಳೆ ಮಾತಾಡಕ್ಕೆ ಬರಲ್ಲ ಇದಕ್ಕೆ."

ಮಾರನೆಯ ಬೆಳಗ್ಗೆ ಆ ಸಾಲು ಬಂದಿತ್ತು. ನೀವು ಬಂದ್ಮೇಲೇ ಇಲ್ಲಿ ಬೆಳಗಾಗೋದು.

ಯಾರು ಬರೆದದ್ದು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಅವತ್ತಿನಿಂದ ಅವಳು ಬೇಗ ಬರತೊಡಗಿದಳು. ಅವನು ಟೀ ಲೋಟದ ಮರೆಯಿಂದ ನೋಡುತ್ತಿದ್ದ, ಅವಳು ನೋಡಿದರೆ ಟೀಯೊಳಗೆ ಏನೋ ಬಿದ್ದಂತೆ ಇಣುಕುತ್ತಿದ್ದ. ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಇಲ್ಲಿ ಕೆಲಸ ಮುಗಿಸೋಕೆ ಮನಸ್ಸೇ ಬರ್ತಿಲ್ಲ" ಎನ್ನುವುದು, ಹಿಂದೆಯೇ "ಕೋಡು ಚೆನ್ನಾಗಿದೆ, ಅದಕ್ಕೆ" ಎಂದು ಸೇರಿಸುವುದು.

ನಿನ್ನೆ ಮಾತ್ರ ದೀಪ ಗೋಡೆಯಿಂದ ಈಚೆಗೆ ಬಂದಿತ್ತು. "ನಾಳಿದ್ದು ಈ ಪ್ರೋಗ್ರಾಮಿನ ಪೇಷಂಟ್‌ಗಳ ಭಾಗ ಶುರುವಾದ್ರೆ ನನ್ನ ಕೆಲಸ ಮುಗೀತು. ನಾಳೆ ಸಂಜೆ ನಿಮ್ಮ ಹತ್ರ ಒಂದು ಮಾತು ಕೇಳೋದಿದೆ. ಸ್ವಲ್ಪ ಹೊತ್ತು ಇರ್ತೀರಾ?"

"ನೋಡೋಣ" ಎಂದಿದ್ದಳು. ನೋಡೋಣ ಎಂದವಳು ಬೆಳಗ್ಗೆ ಅಲಮಾರಿಯ ಎದುರು ಅರ್ಧ ಗಂಟೆ ನಿಂತು, ನೀಲಿ ಕುರ್ತಾ ಆರಿಸಿ ಇಸ್ತ್ರಿ ಮಾಡಿಕೊಂಡು ಬಂದಿದ್ದಳು. ಉತ್ತರವೂ ತಯಾರಾಗಿತ್ತು. ಈಗ ಗಿಣಿಯ ಸ್ಕ್ರೀನಿನಲ್ಲಿ ಅದೇ ಸಾಲು.

ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದಳು. ಗಂಡಸರ ಸವಿಮಾತಿನ ವಿಷಯದಲ್ಲಿ ಅಕ್ಕ ಪೆಟ್ಟು ತಿಂದವಳು. ನಿಶ್ಚಯವಾಗಿದ್ದ ಗಂಡು ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದ ಮಾತುಗಳನ್ನೇ ಇನ್ನೊಬ್ಬಳಿಗೂ ಹೇಳುತ್ತಿದ್ದ. ಆ ಇನ್ನೊಬ್ಬಳು ಒಂದು ದಿನ ಬಾಗಿಲಿಗೆ ಬಂದು, ಅಕ್ಕನಿಗೆ ಬಾಯಿಪಾಠವಾಗಿದ್ದ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದಳು. ಆ ಮದುವೆ ಅಲ್ಲಿಗೇ ಮುರಿಯಿತು. ಅವತ್ತು ಅಕ್ಕನ ಪಕ್ಕದಲ್ಲಿ ನಿಂತಿದ್ದ ತಂಗಿಗೆ ಅವತ್ತಿನಿಂದ ಸಿಹಿ ಮಾತು ಎಂದರೆ ಹಾಲಿನ ಲೋಟದಲ್ಲಿ ನೊಣ ಹುಡುಕುವ ಅಭ್ಯಾಸ.

"ಇವನೂ ಅದೇ ಜಾತಿ ಅಕ್ಕಾ. ಒಂದೇ ಸಾಲು ಇಬ್ಬರಿಗೆ. ಹೊಸದಾಗಿ ಇನ್ನೊಂದು ಬರೆಯೋಕೂ ಸೋಮಾರಿತನ."

ಅಕ್ಕ "ಕಣ್ಣಾರೆ ನೋಡಿದ್ಯಾ?" ಎಂದಳು.

"ನೋಡಿದೆ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನನ್ನ ವಿಷಯದಲ್ಲಿ ನಾನು ಪ್ರಮಾಣಿಸಿ ನೋಡಿದ ಮೇಲೇ ಬಿಟ್ಟಿದ್ದು ಕಣೇ. ನೀನು ದಿನಾ ಜನರ ಕಿವೀನೇ ಎರಡೆರಡು ಸಲ ಟೆಸ್ಟ್ ಮಾಡ್ತೀಯ. ಇವನನ್ನ ಒಂದೇ ಸಲಕ್ಕೆ ಫೇಲ್ ಮಾಡ್ತೀಯಾ?"

ಫೋನ್ ಇಟ್ಟವಳಿಗೆ ಸಮಾಧಾನವೇನೂ ಆಗಲಿಲ್ಲ. ಆದರೆ ಟೆಸ್ಟ್ ಎಂಬ ಮಾತು ಮನಸ್ಸಿಗೆ ನಾಟಿತು. ಅನುಮಾನಪಡುವುದಾದರೆ ನೆಟ್ಟಗೆ ಅನುಮಾನಪಡಬೇಕು. ಮೊದಲು ಎಷ್ಟು ಜನಕ್ಕೆ ಈ ಸಾಲು ಹೋಗಿದೆ ಎಂದು ತಿಳಿಯಬೇಕು. ಅವಳು ನೇರ ಲೆಕ್ಕದಣ್ಣನ ಮೇಜಿಗೆ ಹೋದಳು.

ಲೆಕ್ಕದಣ್ಣ ಕೇಂದ್ರದ ಅಕೌಂಟೆಂಟ್. ಮುಂದಿನ ವರ್ಷ ನಿವೃತ್ತಿ, ಮೊಮ್ಮಗನಿದ್ದಾನೆ, ಮುಖದಲ್ಲಿ ನಗು ಕಂಡವರಿಲ್ಲ.

"ಅಣ್ಣಾ, ಬೆಳಗ್ಗೆ ನಿಮ್ಮ ಕಂಪ್ಯೂಟರ್ ಹಾಕಿದಾಗ ಏನಾದ್ರೂ ಸಾಲು ಬರುತ್ತಾ?"

ಲೆಕ್ಕದಣ್ಣ ಆಚೀಚೆ ನೋಡಿ ದನಿ ತಗ್ಗಿಸಿದರು. "ಬರುತ್ತಮ್ಮ. ನಾನು ಬಂದ್ಮೇಲೇ ಬೆಳಗಾಗೋದಂತೆ. ಡಾಕ್ಟರಮ್ಮನೇ ಹಾಕಿಸಿರಬೇಕು. ಇಷ್ಟು ವರ್ಷಕ್ಕೆ ಒಂದು ಒಳ್ಳೆ ಮಾತು. ಮನೇಲೂ ಹೇಳಿದೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಿಣಿಯ ಮೇಲೆ ಕಣ್ಣು ಹಾಕಿದ್ದಾನೆ ಎಂದರೆ ನಂಬಬಹುದು. ಲೆಕ್ಕದಣ್ಣನ ಮೇಲೂ ಕಣ್ಣು ಹಾಕಿದ್ದಾನೆ ಎಂದರೆ ಲಾಯರಮ್ಮನ ಅನುಮಾನಕ್ಕೂ ಒಂದು ಮಿತಿ ಇದೆ.

ತನ್ನ ಜಾಗಕ್ಕೆ ಬಂದು, ಬಾಗಿಲು ತೆರೆದೇ ಇಟ್ಟು ಸ್ಕ್ರೀನ್ ದಿಟ್ಟಿಸಿದಳು. ಪೇಷಂಟ್‌ಗಳ ಹಾಗೆ ಕೆಲಸದವರಿಗೂ ಒಂದೊಂದು ಪೆಟ್ಟಿಗೆ ಇತ್ತು. ಅವಳ ಹೆಸರಿನ ಪೆಟ್ಟಿಗೆ, ಅದರೊಳಗೆ ಸ್ಕ್ರೀನ್ ಎಂಬ ಪೆಟ್ಟಿಗೆ, ಅದರೊಳಗೆ ಆ ಸಾಲು. ಅದೇ ಪೆಟ್ಟಿಗೆಯಲ್ಲಿ ಅಕ್ಷರದ ಗಾತ್ರವೂ ಇತ್ತು. ತನ್ನ ಗಾತ್ರವನ್ನು ಬೇಕೆಂದೇ ಎರಡರಷ್ಟು ಮಾಡಿದಳು. ಮಾಡಿ, ಕಿವಿಗೊಟ್ಟು ಕೂತಳು.

"ಅಯ್ಯೋ, ನನ್ನ ಅಕ್ಷರ ಯಾಕೆ ಬೂದುಗುಂಬಳ ಆಯ್ತು?" ರಿಸೆಪ್ಷನ್ನಿನಿಂದ ಗಿಣಿಯ ಗಂಟಲು.

"ನನ್ನದೂ" ಎಂದರು ಲೆಕ್ಕದಣ್ಣ.

ಅವಳು ಬದಲಿಸಿದ್ದು ತನ್ನದೊಂದನ್ನೇ, ಬದಲಾದದ್ದು ಎಲ್ಲರದು. ಹಾಗಾದರೆ ಅವನೂ ಒಬ್ಬಳಿಗೇ ಬರೆದಿರಬಹುದು.

ಎದೆಯಲ್ಲಿ ಏನೋ ಹಗುರಾಯಿತು. ಆದರೆ ಹಗುರಾದದ್ದು ಒಂದು ಗಳಿಗೆ ಮಾತ್ರ. ಮರುಗಳಿಗೆಗೆ ಇನ್ನೊಂದು ಹೊಳೆಯಿತು. ಪೇಷಂಟ್‌ಗಳ ಭಾಗಕ್ಕೂ ಇದೇ ಕೋಡು. ನಾಳೆ ಶುರು.

ಪರೀಕ್ಷೆಗೆಂದು ತುಂಬಿಟ್ಟಿದ್ದ ಪೇಷಂಟ್‌ಗಳ ಹೆಸರು ತೆಗೆದಳು. ಬ್ಯಾಂಡ್ ಮಾಸ್ತರರ ಎಡಗಿವಿಗೆ ಬೀದಿಯ ಸದ್ದನ್ನು ಜೋರು ಮಾಡಿದಳು. ಅವರಿಗೆ ಅಷ್ಟು ಬೇಕೇ ಬೇಕು. ಆಮೇಲೆ ನಾಳೆ ಬರಬೇಕಿದ್ದ ಎರಡನೇ ಕ್ಲಾಸಿನ ಪುಟ್ಟಿಯ ಹೆಸರು ತೆಗೆದಳು. ಪುಟ್ಟಿಯ ಕಿವಿ ಬಲು ಸೂಕ್ಷ್ಮ, ಕುರ್ಚಿ ಎಳೆದರೂ ಅಳುವ ಮಗು. ಆ ಮಗುವಿನ ಎಡಗಿವಿಯ ಪೆಟ್ಟಿಗೆಯಲ್ಲಿ ಮಾಸ್ತರರ ಅಂಕಿ ಕೂತಿತ್ತು.

ಮೂರು ಗಂಟೆಗೆ ಮೀಟಿಂಗ್. ಅಲ್ಲಿ ಅವಳು "ಆಯ್ತು" ಎಂದರೆ ನಾಳೆ ಶುರು. ಅವಳು ಹೇಳಬೇಕಾದ್ದು ಏನೆಂದು ಸ್ಪಷ್ಟವಿತ್ತು. ಆದರೂ ಒಳಗಿನ ಲಾಯರಮ್ಮ ಬಿಡಲಿಲ್ಲ. ಪುಟ್ಟಿಯ ವಿಷಯ ಕೊನೆಗೆ ಹೇಳೋಣ, ಮೊದಲು ಇವನ ಬಾಯಲ್ಲಿ ಏನು ಬರುತ್ತದೆ ನೋಡೋಣ ಎಂದುಕೊಂಡಳು. ಸಾಲಿನ ಮಾತೆತ್ತಿದರೆ ಅವನು ಎರಡರಲ್ಲಿ ಒಂದು ಮಾಡುತ್ತಾನೆ. ಎಲ್ಲರಿಗೂ ಎಂದೇ ಹಾಕಿದ್ದೆ ಎಂದು ನಗುತ್ತಾ ಮಾನ ಉಳಿಸಿಕೊಳ್ಳುತ್ತಾನೆ. ಇಲ್ಲವೇ ನಿಜ ಹೇಳುತ್ತಾನೆ. ಮಾನ ಉಳಿಸಿಕೊಂಡರೆ ಅವನ ದಾರಿ ಅವನಿಗೆ, ತನ್ನ ದಾರಿ ತನಗೆ.

ದೊಡ್ಡ ಡಾಕ್ಟರಮ್ಮನ ಕೋಣೆಯಲ್ಲಿ ಎಲ್ಲರೂ ಸೇರಿದರು. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡುತ್ತಾ, "ಏನಮ್ಮಾ, ಎಲ್ಲ ಸರಿ ಇದ್ಯಾ?" ಎಂದರು.

"ಒಂದು ಸಣ್ಣ ವಿಷಯ ಮೇಡಂ. ಬೆಳಗ್ಗೆ ಸ್ಕ್ರೀನಲ್ಲಿ ಬರುತ್ತಲ್ಲ, ನೀವು ಬಂದ್ಮೇಲೇ ಬೆಳಗಾಗೋದು ಅಂತ. ಅದು ಎಲ್ಲರಿಗೂ ಬರ್ತಿದೆ." ಅವಳು ಮೇಜನ್ನೇ ನೋಡುತ್ತಿದ್ದಳು. "ಎಲ್ಲರಿಗೂ ಅಂತಾನೇ ಹಾಕಿದ್ರೋ ಏನೋ ಅಂತ."

ಡಾಕ್ಟರಮ್ಮ ಮುಗುಳ್ನಕ್ಕರು. "ನಂಗೂ ಬರ್ತಿದೆ. ಚೆನ್ನಾಗೇ ಇದೆ. ಎಲ್ಲರಿಗೂ ಹಾಕಿದ್ದೇ ತಾನೆ?"

ತಲೆಯಾಡಿಸಿದ್ದರೆ ಸಾಕಿತ್ತು. ಮೀಟಿಂಗ್ ಮುಗಿಯುತ್ತಿತ್ತು, ಹೊಗಳಿಕೆಯೂ ಸಿಗುತ್ತಿತ್ತು. ಅವಳು ಮೆಲ್ಲಗೆ ಕಣ್ಣೆತ್ತಿದಳು.

ಅವನ ಮುಖದಲ್ಲಿ ರಕ್ತ ಇರಲಿಲ್ಲ.

"ಎಲ್ಲರಿಗೂ ಬರ್ತಿದ್ಯಾ?" ಎಂದ. "ಹಾಗಿದ್ರೆ ನಾಳೆ ಶುರು ಮಾಡಬೇಡಿ ಮೇಡಂ. ದಯವಿಟ್ಟು. ಒಬ್ಬರ ಕಿವಿಗೆ ಇಟ್ಟಿದ್ದು ಇನ್ನೊಬ್ಬರಿಗೆ ಹೋಗುತ್ತೆ."

"ಒಂದು ನಮಸ್ಕಾರದ ಸಾಲಿಗೂ ಕಿವಿಗೂ ಏನ್ರೀ ಸಂಬಂಧ?"

"ಎರಡೂ ಒಂದೇ ಕೋಡಲ್ಲಿ ಹೋಗೋದು. ಹೊಸಬರ ಹೆಸರು ಬಂದಾಗ ಒಂದು ಮಾದರಿ ಪೆಟ್ಟಿಗೆಯಿಂದ ನಕಲು ತೆಗೀತೀನಿ. ನಕಲಾಗಿರೋದು ಹೊರಗಿನ ಪೆಟ್ಟಿಗೆ ಮಾತ್ರ ಅನ್ಸುತ್ತೆ. ಒಳಗಿನ ಪೆಟ್ಟಿಗೆ ಎಲ್ಲರಿಗೂ ಅದೇ ಒಂದು. ಇಲ್ಲದ ಪೆಟ್ಟಿಗೆ ಇದ್ರೆ ಏನು ಮಾಡೋದು ಅಂತ ಅಷ್ಟು ಯೋಚನೆ ಮಾಡ್ದೆ, ಇರೋ ಪೆಟ್ಟಿಗೆ ಯಾರದ್ದು ಅಂತ ನೋಡಲಿಲ್ಲ. ತಪ್ಪು ನಂದೇ."

"ಇರಲಿ, ಆದ್ರೆ ಆ ಸಾಲು ನೀವು ಎಲ್ಲರಿಗೂ ಅಂತ ಹಾಕಿದ್ದಲ್ವಾ?"

"ನಾನು ಇಟ್ಟಿದ್ದು ಒಬ್ಬರ ಪೆಟ್ಟಿಗೇಲಿ ಮಾತ್ರ."

ಗಿಣಿ ತಟ್ಟನೆ ನೆಟ್ಟಗೆ ಕೂತಳು. ಲೆಕ್ಕದಣ್ಣ ಕೆಮ್ಮಿದರು. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಯಾರ ಪೆಟ್ಟಿಗೇಲಿ?"

ಅವನು ಒಂದು ಸಲ ಉಸಿರೆಳೆದುಕೊಂಡ. "ಇವರದ್ರಲ್ಲಿ" ಎಂದ. ಅವಳ ಕಡೆ ಬೆರಳು ತೋರಿಸಲಿಲ್ಲ, ಕಣ್ಣು ಮಾತ್ರ ತಿರುಗಿತು. "ಬೇರೆ ಯಾರಿಗೂ ಬರೆದಿಲ್ಲ. ಕೆಲಸದ ಪ್ರೋಗ್ರಾಮಲ್ಲಿ ಅದನ್ನ ಬರೀಬಾರದಿತ್ತು. ಅದೂ ನನ್ನ ತಪ್ಪು."

ಅವಳ ಕಿವಿ ಕೆಂಪಾಗಿ, ಆ ಬಿಸಿ ಕುತ್ತಿಗೆವರೆಗೂ ಇಳಿಯಿತು. ಅವಳು ಬಲೆ ಹಾಕಿ ಕೂತಿದ್ದಳು. ಅವನಿಗೆ ಬಲೆ ಕಾಣಲೇ ಇಲ್ಲ, ಕಂಡದ್ದು ಯಾರದೋ ಕಿವಿ. ಪುಟ್ಟಿಯ ಹೆಸರು ಅವಳಿನ್ನೂ ಎತ್ತಿಯೇ ಇರಲಿಲ್ಲ. ಅಷ್ಟರಲ್ಲಿ ಅವನು ಕೆಲಸ, ಹೆಸರು, ಮಾನ ಮೂರನ್ನೂ ಮೇಜಿನ ಮೇಲೆ ಇಟ್ಟುಬಿಟ್ಟಿದ್ದ.

"ಅಲ್ಲಾ, ನಾನು ಮನೇಲಿ ಬೇರೆ ಹೇಳ್ಬಿಟ್ಟೆ" ಎಂದು ಲೆಕ್ಕದಣ್ಣ ಗೊಣಗಿದರು.

"ನಾನೂ ಅಮ್ಮಂಗೆ ಹೇಳಿದ್ದೆ" ಎಂದಳು ಗಿಣಿ, ಅಳುಮೋರೆ ಮಾಡಿಕೊಂಡು.

ಡಾಕ್ಟರಮ್ಮ ಮಾತ್ರ ನಗಲಿಲ್ಲ. "ತಪ್ಪು ಸಣ್ಣದಲ್ಲ. ನಾಳೆ ಶುರು ಆಗಿದ್ರೆ ಯಾವ ಮಗುವಿನ ಕಿವಿಗೆ ಏನಾಗ್ತಿತ್ತೋ. ನಿಮ್ಮನ್ನ ಹೇಗೆ ಇಟ್ಕೊಳ್ಳಲಿ ಹೇಳಿ?"

ಅವನು ತಲೆ ತಗ್ಗಿಸಿದ. ಆಗ ಅವಳು ಬಾಯಿ ತೆರೆದಳು. "ಮೇಡಂ, ಇವರು ಹೇಳಿದ್ದು ನಿಜ. ನಾನು ಟೆಸ್ಟ್ ಮಾಡಿ ನೋಡಿದೀನಿ. ಮಾಸ್ತರರ ಸದ್ದು ಪುಟ್ಟಿ ಹೆಸರಲ್ಲಿ ಬಂದಿದೆ. ತಪ್ಪು ಎಲ್ಲಿದೆ ಅಂತ ಇವರಿಗೇ ಚೆನ್ನಾಗಿ ಗೊತ್ತು. ಇವರೇ ಸರಿ ಮಾಡಲಿ, ನಾನು ಪಕ್ಕದಲ್ಲಿ ಕೂತು ಒಂದೊಂದೇ ಪರೀಕ್ಷೆ ಮಾಡ್ತೀನಿ. ನಾನು ಒಪ್ಪೋವರೆಗೂ ಶುರು ಬೇಡ."

ಡಾಕ್ಟರಮ್ಮ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದರು. "ನೀನು ಒಪ್ಪೋದು ಕಷ್ಟ ಅಂತ ಇವರಿಗೆ ಗೊತ್ತಾ?"

"ಗೊತ್ತು ಮೇಡಂ" ಎಂದ ಅವನು.

ಸಂಜೆಯವರೆಗೂ ಇಬ್ಬರೂ ಕೂತರು. ಈಗ ಅವನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಇಳಿಯುವಾಗ ಪ್ರತಿಯೊಂದನ್ನೂ ಮೊದಲು ನಕಲು ಮಾಡಿ, ಆ ನಕಲಿಗೆ ಮಾತ್ರ ಕೈ ಹಚ್ಚಿದ. ಮೂಲವನ್ನು ಮುಟ್ಟುವ ಹಾಗೇ ಇಲ್ಲ. ಎಲ್ಲ ಪೆಟ್ಟಿಗೆಗಳಿಗೂ ತಾತನಂಥ ಒಂದು ಪೆಟ್ಟಿಗೆ ಇರುತ್ತದಂತೆ, ಅದರೊಳಗೆ ಏನಿಟ್ಟರೂ ಮನೆಮಂದಿಗೆಲ್ಲ ಅಂಟುತ್ತದಂತೆ. ಆ ದಾರಿ ಹಿಡಿದು ಬಂದವರನ್ನು ಹೊಸ್ತಿಲಲ್ಲೇ ತಡೆಯಲು ಎರಡು ಸಾಲು ಸೇರಿಸಿದ. ಅವಳು ಮಾಸ್ತರರ ಸದ್ದು ಏರಿಸಿ ಪುಟ್ಟಿಯದನ್ನು ನೋಡಿದಳು, ಪುಟ್ಟಿಯದು ಇಳಿಸಿ ಮಾಸ್ತರರದನ್ನು ನೋಡಿದಳು. ಅವರವರದು ಅವರವರಲ್ಲೇ ಇತ್ತು. ಆದರೂ ಮತ್ತೆ ನೋಡಿದಳು.

ಆ ಹೊತ್ತಿನಲ್ಲಿ ಇಬ್ಬರೂ ಕಿವಿ, ಬೀದಿ, ಅಂಕಿ ಬಿಟ್ಟು ಬೇರೆ ಮಾತಾಡಲಿಲ್ಲ. ಅವನು ಕಣ್ಣೆತ್ತಲೂ ಇಲ್ಲ. ಅವಳಿಗೆ ಅದು ಬೆಳಗಿನ ಉರಿಗಿಂತ ಕಷ್ಟವಾಯಿತು.

ಎಲ್ಲರೂ ಹೋದ ಮೇಲೆ ಮೆಟ್ಟಿಲಿಳಿಯುತ್ತಾ ಅವಳೇ ಕೇಳಿದಳು. "ಸಂಜೆ ಏನೋ ಕೇಳೋದಿದೆ ಅಂದಿದ್ರಿ."

"ಇನ್ನೇನು ಉಳಿದಿದೆ ಕೇಳೋಕೆ? ಲೆಕ್ಕದಣ್ಣನ ಮುಂದೆ ಎಲ್ಲ ಆಯ್ತಲ್ಲ."

"ಅದು ಅವರಿಗೆ ಹೇಳಿದ್ದು. ನನಗೆ ಹೇಳಿಲ್ಲ."

ಅವನು ಮೆಟ್ಟಿಲ ನಡುವೆ ನಿಂತ. ಕನ್ನಡಕ ತೆಗೆಯಲು ಹೋದ ಕೈಯನ್ನು ಕೆಳಗಿಳಿಸಿದ. "ನೀವಂದ್ರೆ ನಂಗೆ ಇಷ್ಟ. ತುಂಬಾ ಇಷ್ಟ. ನಿಮಗೆ ಒಪ್ಪಿಗೆ ಇದ್ರೆ ಜೀವನಪೂರ್ತಿ ನಿಮ್ಮ ಜೊತೆ ಇರಬೇಕು ಅಂತ ಆಸೆ. ಇದನ್ನೇ ಕೇಳಬೇಕಿತ್ತು."

ಕೇಳಲು ಕಾದಿದ್ದ ಮಾತು. ಬೆಳಗ್ಗೆ ತಯಾರು ಮಾಡಿಕೊಂಡು ಬಂದಿದ್ದ ಉತ್ತರ ಗಂಟಲಿನಲ್ಲೇ ಇತ್ತು. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ?

"ಇದನ್ನ ಮೊದಲು ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಮುಂದೆ ಯಾರಿಗೂ ಹೇಳಲ್ಲ ಅಂತ ನಾನು ಹೇಗೆ ನಂಬಲಿ?"

"ನಂಬಬೇಡಿ" ಎಂದ ಅವನು, ಅದೇ ಮೆತ್ತಗಿನ ದನಿಯಲ್ಲಿ. "ಪಕ್ಕದಲ್ಲೇ ಇದ್ದು ನೋಡ್ತಾ ಇರಿ. ನಿಮ್ಮ ಅನುಮಾನ ತೀರೋವರೆಗೂ."

"ನನ್ನ ಅನುಮಾನ ತೀರೋ ಅಂಥದ್ದಲ್ಲ ರೀ."

"ಗೊತ್ತು" ಎಂದ ಅವನು. "ಆ ಧೈರ್ಯದ ಮೇಲೇ ಕೇಳ್ತಿರೋದು."

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಒಂದು ಮೆಟ್ಟಿಲು ಹತ್ತಿ ಅವನ ಸಮಕ್ಕೆ ಬಂದು, "ಸರಿ, ಒಪ್ಪಿದೀನಿ" ಎಂದಳು.